ಸೋಲುವ ಹಕ್ಕು

ಚೌಕಾಬಾರದಲ್ಲಿ ಒಳಸುತ್ತಿಗೆ ಹೋಗಬೇಕಾದರೆ ಒಂದು ಶರತ್ತಿದೆ. ಎದುರಿನವರ ಒಂದು ಕಾಯಿಯನ್ನಾದರೂ ಕಡಿದಿರಬೇಕು. ಕಡಿಯದವರು ಹೊರಸುತ್ತಿನಲ್ಲೇ ತಿರುಗುತ್ತಿರಬೇಕು. ಇಪ್ಪತ್ತೈದು ಮನೆ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಹಣ್ಣಾಗಲು ಎರಡೇ ಮನೆ ಉಳಿದಿರುವ ಕಾಯಿಯನ್ನು ಯಾರಾದರೂ ಕಡಿದರೆ ಅದು ಮತ್ತೆ ಮೊದಲಿನಿಂದ ಹೊರಡಬೇಕು. ಶಹಾಪುರ, ಸುರಪುರದ ಕಡೆಯ ಕಟ್ಟೆಗಳ ಮೇಲೆ ಈ ಆಟಕ್ಕೆ ಕೂತ ಮಕ್ಕಳು ಅಳುವುದನ್ನು, ಕವಡೆ ಎತ್ತಿ ಒಗೆಯುವುದನ್ನು, ಮರುಗಳಿಗೆಯೇ ‘ಇನ್ನೊಂದ್ ಆಟಾ’ ಎಂದು ಗೋಗರೆಯುವುದನ್ನು ನೋಡುತ್ತ ಬೆಳೆದವನು ನಾನು. ಆ ಸಿಟ್ಟನ್ನು ಕೆಟ್ಟದ್ದೆಂದು ಎಣಿಸಲು ನನ್ನಿಂದ ಎಂದೂ ಆಗಿಲ್ಲ. ನಿಯಮ ಎಲ್ಲರಿಗೂ ಒಂದೇ ಆಗಿರುವಾಗ ಸೋತವನ ಸಿಟ್ಟು ಬೇರೆಲ್ಲೂ ಹೋಗಲಾರದು, ಮುಂದಿನ ಆಟದೊಳಕ್ಕೇ ಹೋಗಬೇಕು. ಸೋತವನು ಮತ್ತೆ ಕೂರುವುದು ಅದರಿಂದಲೇ.

ಇಂಥ ಸಿಟ್ಟಿಗೂ ಇತ್ತೀಚೆಗೆ ಹುಡುಗರ ಮುಖದಲ್ಲಿ ಕಾಣುವ ಇನ್ನೊಂದು ಸಿಟ್ಟಿಗೂ ಸಂಬಂಧವಿಲ್ಲ ಎನ್ನುವುದು ನನಗೆ ಮನದಟ್ಟಾದದ್ದು ಅಣ್ಣನ ಮಗನಿಂದ. ಅವನು ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯದಲ್ಲಿ ಓದುತ್ತಾನೆ. ವಿದ್ಯಾರ್ಥಿವೇತನದಲ್ಲಿ ಉಳಿಸಿದ ದುಡ್ಡಿನಿಂದ ಹೊಸದೊಂದು ಕಂಪ್ಯೂಟರ್ ಆಟ ಕೊಂಡ. ಅದು ಇಳಿಯಲು ಎರಡು ರಾತ್ರಿ ಬೇಕಾಯಿತು. ತೆರೆದರೆ ‘ನಿಮ್ಮ ಗ್ರಾಫಿಕ್ಸ್ ಕಾರ್ಡ್ ಇದಕ್ಕೆ ಒಗ್ಗುವುದಿಲ್ಲ’ ಎಂಬ ಒಂದು ಸಾಲು, ಅಷ್ಟೇ. ಅರ್ಜಿ ಹಾಕಿದ ಮೇಲೆ ಹಣ ವಾಪಸ್ ಬಂತು, ನಿಜ. ಆದರೂ ಅವನ ಮುಖ ಗೆಲುವಾಗಲಿಲ್ಲ. ‘ಕಾಕಾ, ಸೋತಿದ್ರ ಬ್ಯಾಸರ ಇರಲಿಲ್ಲ. ಸೋಲಾಕೂ ಬಿಡಲಿಲ್ಲಲ್ಲ ಅದು’ ಅಂದ.

ಡಚ್ ಇತಿಹಾಸಕಾರ ಯೋಹಾನ್ ಹೈಸಿಂಗಾ 1938ರಲ್ಲಿ ಪ್ರಕಟಿಸಿದ ‘ಹೋಮೋ ಲುಡೆನ್ಸ್’ ಪುಸ್ತಕದಲ್ಲಿ ಆಟಕ್ಕೆ ಒಂದು ಗಡಿಯನ್ನು ಗುರುತಿಸುತ್ತಾನೆ. ಆ ಗಡಿಯೊಳಗೆ ಹೊರಗಿನ ಲೆಕ್ಕ ನಡೆಯುವುದಿಲ್ಲ, ಆಟದ ನಿಯಮವೇ ಕಟ್ಟಳೆ. ಮೋಸ ಮಾಡುವವನಿಗಿಂತ ಆಟ ಕೆಡಿಸುವವನ ಮೇಲೆ ಜನಕ್ಕೆ ಹೆಚ್ಚು ಕೋಪ ಎನ್ನುತ್ತಾನೆ ಅವನು. ಮೋಸಗಾರ ನಿಯಮವನ್ನು ಒಪ್ಪಿದಂತಾದರೂ ನಟಿಸುತ್ತಾನೆ, ಆಟ ಕೆಡಿಸುವವನು ಗಡಿಯನ್ನೇ ಅಳಿಸಿಬಿಡುತ್ತಾನೆ. ಇದನ್ನು ಓದುವಾಗ ನನಗೆ ಮಹಾಭಾರತದ ಪಗಡೆಯ ಸಭೆ ನೆನಪಾಗುತ್ತದೆ. ಧರ್ಮರಾಯ ಸೋತದ್ದಕ್ಕಿಂತ ದಾಳ ಶಕುನಿಯ ಕೈಯಲ್ಲಿತ್ತೆಂಬುದು ಕೇಳುವವರನ್ನು ಇವತ್ತಿಗೂ ಸುಡುತ್ತದೆ. ಅಷ್ಟಾದರೂ ಧರ್ಮರಾಯನಿಗೆ ಸಭೆಯೊಳಗೆ ಕೂರಲು ಜಾಗವಿತ್ತು. ಗಡಿಯ ಹೊರಗೇ ನಿಲ್ಲಿಸಲ್ಪಟ್ಟವನ ಬಗ್ಗೆ ಹೈಸಿಂಗಾ ಹೆಚ್ಚು ಹೇಳಿಲ್ಲ. ನಮ್ಮ ಕಾಲದ ಪ್ರಶ್ನೆ ಆ ಮನುಷ್ಯನದು.

1993ರಲ್ಲಿ ‘ಡೂಮ್’ ಎಂಬ ಕಂಪ್ಯೂಟರ್ ಆಟ ಬಂದಾಗ ಅದಕ್ಕೆ ಬೇಕಾಗಿದ್ದದ್ದು ಒಂದು 386 ಕಂಪ್ಯೂಟರ್, ನಾಲ್ಕು ಎಂಬಿ ಮೆಮೊರಿ. ಅದೇ ವಂಶದ ‘ಡೂಮ್: ದ ಡಾರ್ಕ್ ಏಜಸ್’ 2025ರ ಮೇ ತಿಂಗಳಲ್ಲಿ ಬಂತು. ಅದಕ್ಕೆ ಕನಿಷ್ಠ ಹದಿನಾರು ಜಿಬಿ ಮೆಮೊರಿ, ನೂರು ಜಿಬಿ ಜಾಗ, ಜೊತೆಗೆ ಬೆಳಕಿನ ಕಿರಣಗಳನ್ನು ಲೆಕ್ಕ ಹಾಕಬಲ್ಲ ಗ್ರಾಫಿಕ್ಸ್ ಕಾರ್ಡ್ ಬೇಕು. ಆ ಸಾಮರ್ಥ್ಯವಿಲ್ಲದ ಕಾರ್ಡಿನಲ್ಲಿ ಚಿತ್ರ ಮಸುಕಾಗಿಯಾದರೂ ಓಡಲಿ ಎಂದರೆ ಓಡದು. ಮೊದಲೆಲ್ಲ ಹಳೆಯ ಯಂತ್ರದವರು ನೆರಳು ತೆಗೆದು, ಹುಲ್ಲು ಅಳಿಸಿ, ಪರದೆ ಸಣ್ಣದು ಮಾಡಿಕೊಂಡು ಹೇಗೋ ಆಡುತ್ತಿದ್ದರು. ಚಂದ ಕಮ್ಮಿಯಾದರೂ ಆಟ ಕೈಗೆ ಸಿಗುತ್ತಿತ್ತು. ಈಗ ಆ ಹೊಂದಾಣಿಕೆಯ ಬಾಗಿಲೇ ಒಂದೊಂದಾಗಿ ಮುಚ್ಚುತ್ತಿದೆ. ಬೆಳಕನ್ನು ಯಂತ್ರವೇ ಲೆಕ್ಕ ಹಾಕಿದರೆ ಕಲಾವಿದರು ಒಂದೊಂದು ಕೋಣೆಗೂ ಕೈಯಿಂದ ಬೆಳಕು ಕೂರಿಸುವ ಕೆಲಸ ತಪ್ಪುತ್ತದೆ. ಅಂದರೆ ಕಟ್ಟುವವರ ಖರ್ಚಿನ ಒಂದು ಪಾಲು ಆಡುವವರ ಯಂತ್ರಕ್ಕೆ ದಾಟಿತು. ಇದನ್ನು ತಂತ್ರಜ್ಞಾನದ ಮುನ್ನಡೆ ಎಂದಷ್ಟೇ ಕರೆದು ಮುಂದೆ ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಹುಡುಗನ ಕಂಪ್ಯೂಟರಿನಲ್ಲಿರುವುದು 2016ರಲ್ಲಿ ಬಂದ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್. ಆಗ ಅದರ ಬೆಲೆ 249 ಡಾಲರ್, ಆರು ಜಿಬಿ ಮೆಮೊರಿ. ಅದೇ ಮಟ್ಟದಲ್ಲಿ 2025ರಲ್ಲಿ ಬಂದ ಕಾರ್ಡ್ ಆರ್‌ಟಿಎಕ್ಸ್ 5060, ಆಗಿನ ಬೆಲೆ 299 ಡಾಲರ್. ಐವತ್ತೇ ಡಾಲರ್ ಏರಿದೆಯಲ್ಲ ಎನ್ನಬಹುದು. ಆದರೆ ಒಂಬತ್ತು ವರ್ಷದಲ್ಲಿ ಅದರ ಮೆಮೊರಿ ಆರರಿಂದ ಎಂಟಕ್ಕೆ ಬಂದು ನಿಂತಿದೆ, ಆಟಗಳ ಹಸಿವು ಮಾತ್ರ ಹಲವು ಪಟ್ಟು ಬೆಳೆದಿದೆ. 2016ರಲ್ಲಿ ಡಾಲರಿಗೆ ಅರವತ್ತೇಳರ ಆಸುಪಾಸಿನಲ್ಲಿದ್ದ ರೂಪಾಯಿ 2025ರ ಡಿಸೆಂಬರಿನಲ್ಲಿ ತೊಂಬತ್ತು ದಾಟಿತು. ಅದರ ಮೇಲೆ ನೂರಕ್ಕೆ ಹದಿನೆಂಟರ ಜಿಎಸ್‌ಟಿ. ಎಲ್ಲಕ್ಕೂ ಮೇಲಿನ ಆರ್‌ಟಿಎಕ್ಸ್ 5090ಕ್ಕೆ ನಮ್ಮ ದೇಶದಲ್ಲಿ ಇಟ್ಟ ಆರಂಭದ ಬೆಲೆ ಎರಡು ಲಕ್ಷ ಹದಿನಾಲ್ಕು ಸಾವಿರ ರೂಪಾಯಿ. ಹಳೆಯ 1060 ಉಣ್ಣುತ್ತಿದ್ದದ್ದು 120 ವ್ಯಾಟ್ ಕರೆಂಟು, ಇದಕ್ಕೆ 575 ವ್ಯಾಟ್ ಬೇಕು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಯಾದಗಿರಿ ಜಿಲ್ಲೆಯಲ್ಲಿ, ಇನ್ವರ್ಟರ್ ಮೇಲೆ ಫ್ಯಾನ್ ತಿರುಗಿಸುವ ಮನೆಯಲ್ಲಿ, ಅಂಥ ಯಂತ್ರವನ್ನು ಯಾರೋ ಪುಕ್ಕಟೆ ಕೊಟ್ಟರೂ ಓಡಿಸುವುದು ಹೇಗೆ?

ಬೆಲೆ ಏರಿದ ಕತೆಯಲ್ಲಿ ಆಟಕ್ಕೆ ಸಂಬಂಧವೇ ಇಲ್ಲದ ಪಾತ್ರಗಳಿವೆ. 2020ರ ನಂತರ ಕ್ರಿಪ್ಟೊ ನಾಣ್ಯ ಗಣಿ ಮಾಡುವವರು ಗ್ರಾಫಿಕ್ಸ್ ಕಾರ್ಡುಗಳನ್ನು ರಾಶಿಗಟ್ಟಲೆ ಕೊಂಡರು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಎಂಬ ನಾಣ್ಯ ತನ್ನ ಪದ್ಧತಿ ಬದಲಿಸಿದ ಮೇಲೆ ಆ ನೂಕುನುಗ್ಗಲು ತಗ್ಗಿತು. ಅಷ್ಟರಲ್ಲಿ ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಬಂದವು. ಜಗತ್ತಿನ ಮೆಮೊರಿ ಚಿಪ್ಪುಗಳ ಬಹುಪಾಲನ್ನು ಮಾಡುವುದು ಸ್ಯಾಮ್ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರು ಕಂಪನಿಗಳು. ಅವುಗಳಿಗೆ ಡೇಟಾ ಸೆಂಟರಿಗೆ ಮಾರುವುದೇ ಹೆಚ್ಚು ಲಾಭ. 2025ರ ಕೊನೆಯ ತಿಂಗಳುಗಳಲ್ಲಿ ಸಾಮಾನ್ಯರ ಕಂಪ್ಯೂಟರಿಗೆ ಹಾಕುವ ಮೆಮೊರಿಯ ಬೆಲೆ ದುಪ್ಪಟ್ಟನ್ನೂ ಮೀರಿತು. ಡಿಸೆಂಬರಿನಲ್ಲಿ ಮೈಕ್ರಾನ್, ಗ್ರಾಹಕರಿಗೆ ಮಾರುತ್ತಿದ್ದ ತನ್ನ ‘ಕ್ರೂಶಿಯಲ್’ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು.

ಇದನ್ನು ಓದಿದಾಗ ಭೀಮರಾಯನಗುಡಿಯವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಊರು ಬೆಳೆದದ್ದೇ ಕೃಷ್ಣಾ ಮೇಲ್ದಂಡೆ ಯೋಜನೆಯ ಕ್ಯಾಂಪಾಗಿ. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆಗೆ ಬಿಟ್ಟ ನೀರು ಎಲ್ಲಿಯವರೆಗೆ ಮುಟ್ಟಿತು ಎನ್ನುವುದು ಇಲ್ಲಿಯ ಚಹಾದಂಗಡಿಗಳ ದಿನದ ಮಾತು. ಜೋಳ, ಶೇಂಗಾ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳನ್ನು ಎಣಿಸಿ ಹಾಕಿದ ಯೋಜನೆ ಅದು. ಕಾಲುವೆಯ ಮೇಲ್ಭಾಗದವರು ಭತ್ತ ಹಚ್ಚಿದರು. ನೀರು ತಮ್ಮ ಹೊಲದ ಮುಂದೆ ಹರಿಯುವಾಗ ಭತ್ತ ಹಚ್ಚಿದವರನ್ನು ದೂರುವುದೂ ಸುಲಭವಲ್ಲ, ಭತ್ತಕ್ಕೆ ಬೆಲೆ ಇದೆ. ಕೊನೆಯ ಅಂಚಿನ ರೈತನ ಹೊಲಗಾಲುವೆಯಲ್ಲಿ ಮಾತ್ರ ಧೂಳು ಏಳುತ್ತದೆ. ಚಿಪ್ಪಿನ ಲೋಕದಲ್ಲಿ ಡೇಟಾ ಸೆಂಟರುಗಳು ಭತ್ತ ಹಚ್ಚಿವೆ, ನಮ್ಮ ಹುಡುಗ ಕೊನೆಯ ಅಂಚಿನಲ್ಲಿದ್ದಾನೆ.

ಆದರೆ ನೀರಿನ ವಿಷಯದಲ್ಲಿ ಒಂದು ನೀರಾವರಿ ಸಲಹಾ ಸಮಿತಿ ಇದೆ. ಎಷ್ಟು ದಿನ ಚಾಲು, ಎಷ್ಟು ದಿನ ಬಂದ್ ಎಂದು ಅದು ನಿರ್ಧರಿಸುತ್ತದೆ. ತಪ್ಪಿದರೆ ರೈತರು ಮುಖ್ಯ ಎಂಜಿನಿಯರ್ ಕಚೇರಿಯ ಮುಂದೆ ಕೂತು ಕೇಳುತ್ತಾರೆ. ನ್ಯಾಯ ಪೂರಾ ಸಿಗದಿದ್ದರೂ ಕೇಳುವ ಜಾಗ ಒಂದಿದೆ. ಜಗತ್ತಿನ ಮೆಮೊರಿ ಯಾರಿಗೆ ಎಷ್ಟು ಎಂದು ಕೇಳಲು ಯಾವ ಕಚೇರಿಯ ಮುಂದೆ ಹೋಗಿ ಕೂರಬೇಕು? ಆಟಕ್ಕೇಕೆ ಇಷ್ಟು ದೊಡ್ಡ ಮಾತು ಎನ್ನುವವರಿದ್ದಾರೆ. ಅದೇ ಮೆಮೊರಿ ಆ ಹುಡುಗನ ಪಾಠದ ಲ್ಯಾಪ್‌ಟಾಪಿಗೂ ಊರಿನ ಸೇವಾ ಕೇಂದ್ರದ ಕಂಪ್ಯೂಟರಿಗೂ ಬೇಕು. ಏಟು ಮೊದಲು ಗೊತ್ತಾಗುವುದು ಆಟದವನಿಗೆ, ಯಂತ್ರವನ್ನು ಅದರ ಕೊನೆಯ ಉಸಿರಿನ ತನಕ ದುಡಿಸಿಕೊಳ್ಳುವವನು ಅವನೇ.

ನನ್ನನ್ನು ಕಾಡುವ ಇನ್ನೊಂದು ಸಂಗತಿ ಇದೆ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಶುರು ಮಾಡಿದ ಧ್ರುವ ಇಂಟರಾಕ್ಟಿವ್, ಜಗತ್ತಿನ ದೊಡ್ಡ ಆಟಗಳಿಗೆ ಚಿತ್ರಕೆಲಸ ಮಾಡಿಕೊಟ್ಟ ನಮ್ಮ ದೇಶದ ಮೊದಮೊದಲ ಸಂಸ್ಥೆಗಳಲ್ಲಿ ಒಂದು. 2019ರಲ್ಲಿ ಅದನ್ನು ಆಟದ ಕಂಪನಿ ರಾಕ್‌ಸ್ಟಾರ್ ಕೊಂಡು ತನ್ನ ಬೆಂಗಳೂರು ಶಾಖೆಗೆ ಸೇರಿಸಿಕೊಂಡಿತು. ಆ ಕಂಪನಿಯ ‘ರೆಡ್ ಡೆಡ್ ರಿಡೆಂಪ್ಶನ್ 2’ ಆಟದ ಹಿಮ, ಕುದುರೆ, ಕಾಡುಗಳ ಆ ಬೃಹತ್ ಲೋಕವನ್ನು ಕಟ್ಟಿದ ಕೈಗಳಲ್ಲಿ ಬೆಂಗಳೂರಿನ ಕೈಗಳೂ ಇವೆ. ಕಂಪ್ಯೂಟರಿಗೆ ಅದು ಬೇಡುವ ಜಾಗ 150 ಜಿಬಿ. ಇದೇ ರಾಜ್ಯದಲ್ಲಿ ಕಟ್ಟಿದ್ದನ್ನು ಇದೇ ರಾಜ್ಯದ ಇನ್ನೊಂದು ತುದಿಯ ಹುಡುಗ ಯೂಟ್ಯೂಬಿನಲ್ಲಿ ಬೇರೆಯವರು ಆಡುವಾಗ ನೋಡುತ್ತಾನೆ. ನೋಡುವುದರಲ್ಲೂ ಸುಖವಿದೆ. ಆದರೆ ತಪ್ಪು ಮಾಡುವ ಅವಕಾಶ ನೋಡುವವನಿಗೆ ಇಲ್ಲ.

ಹಾಗಾದರೆ ಮೊಬೈಲ್ ಇದೆಯಲ್ಲ ಎನ್ನುತ್ತಾರೆ. ಹೌದು, ಹಳ್ಳಿಹಳ್ಳಿಗೂ ಆಟ ತಲುಪಿದ್ದು ಮೊಬೈಲಿನಿಂದ. 2020ರ ಸೆಪ್ಟೆಂಬರಿನಲ್ಲಿ ಪಬ್ಜಿ ನಿಷೇಧವಾದಾಗ ಹುಡುಗರು ಸೂತಕದವರ ಹಾಗೆ ಕೂತಿದ್ದರು. ಮುಂದಿನ ವರ್ಷ ಅದು ಬಿಜಿಎಂಐ ಆಗಿ ಬಂತು. ಕಾಸಿಲ್ಲದೆ ಸಿಗುವ ಆಟಗಳಿಗೆ ಬೆಲೆಯೇ ಇಲ್ಲವೆಂದಲ್ಲ, ಕೇಳುವ ರೀತಿ ಬೇರೆ. ದಿನಾ ಬಂದು ಹಾಜರಿ ಹಾಕು, ಇಲ್ಲದಿದ್ದರೆ ಬಹುಮಾನ ತಪ್ಪುತ್ತದೆ. ಈ ವಾರ ಮಾತ್ರ ಸಿಗುವ ಅಂಗಿ ತೊಡು. ಪೆಟ್ಟಿಗೆ ಒಡೆ, ಒಳಗೇನಿದೆಯೋ ನಿನ್ನ ನಸೀಬು. ಇಂಥ ಪೆಟ್ಟಿಗೆಗಳನ್ನು ಬೆಲ್ಜಿಯಂ 2018ರಲ್ಲೇ ಜೂಜೆಂದು ಘೋಷಿಸಿತು. ನಮ್ಮ ಸಂಸತ್ತು 2025ರ ಆಗಸ್ಟಿನಲ್ಲಿ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ತಂದಿತು, ಅದು ಒಳ್ಳೆಯದೇ. ಈ ಹಾಜರಿಯ ತಂತ್ರ ಮಾತ್ರ ಅದರ ಬಲೆಗೆ ಸಿಗುವಂಥದ್ದಲ್ಲ. ಮುಗಿಯುವುದೇ ಬೇಡ ಎಂದು ಹೆಣೆದ ಆಟದಲ್ಲಿ ಸೋಲಿಗೂ ತೂಕವಿಲ್ಲ, ಗೆಲುವಿಗೂ ಇಲ್ಲ. ನಾಳೆ ಮತ್ತೆ ಬಾ ಎನ್ನುವುದೊಂದೇ ಅದರ ನಿಯಮ.

ದುಡ್ಡು ಕೊಟ್ಟು ಕೊಂಡದ್ದಾದರೂ ನಮ್ಮದೇ? ಯೂಬಿಸಾಫ್ಟ್ ಕಂಪನಿ ‘ದ ಕ್ರ್ಯೂ’ ಎಂಬ ಕಾರೋಟದ ಆಟದ ಸರ್ವರನ್ನು 2024ರ ಮಾರ್ಚ್ 31ರಂದು ನಿಲ್ಲಿಸಿತು. ಕೊಂಡವರ ಮನೆಯಲ್ಲಿ ಡಿಸ್ಕ್ ಇದ್ದರೂ ಆಟ ಸತ್ತಿತು. ಆ ಸಾವಿನಿಂದಲೇ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಹುಟ್ಟಿತು. ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಅದಕ್ಕೆ ಸಹಿ ಹಾಕಿದರು.

ಇಲ್ಲಿಗೆ ಬಂದಾಗ ಹಿರಿಯರ ಬಾಯಿಗೆ ಒಂದು ಸಲಹೆ ತಾನಾಗಿ ಬರುತ್ತದೆ: ಅದನ್ನೆಲ್ಲ ಬಿಡ್ರಿ, ನೆಲದ ಮೇಲೆ ಗೆರೆ ಎಳೆದು ಹುಣಸೆ ಬೀಜ ಇಟ್ಟುಕೊಂಡು ಆಡ್ರಿ, ನಮ್ಮ ಆಟಗಳಲ್ಲಿ ಏನು ಕಮ್ಮಿ? ನನಗೂ ಚೌಕಾಬಾರದ ಮೇಲೆ ಪ್ರೀತಿ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಅರಮನೆಯಲ್ಲಿ ಕೂತು ರಚಿಸಿದ ಬಹಳ ಎಲೆಗಳ, ಬಹಳ ನಿಯಮಗಳ ಇಸ್ಪೀಟಾಟಗಳು ಇವತ್ತು ವಸ್ತುಸಂಗ್ರಹಾಲಯಗಳಲ್ಲಿ ಉಳಿದಿವೆ, ಚೌಕಾಬಾರ ಕಟ್ಟೆಯ ಮೇಲೆ ಉಳಿದಿದೆ. ಅಗ್ಗವಾದದ್ದು ಬಾಳುತ್ತದೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆದರೂ ಆ ಸಲಹೆಯನ್ನು ಅಣ್ಣನ ಮಗನಿಗೆ ಕೊಡಲು ನನಗೆ ಮನಸ್ಸಾಗುವುದಿಲ್ಲ. ಬಡವನಿಗೆ ಹುಣಸೆ ಬೀಜ ಸಾಕು ಎನ್ನುವ ಮಾತಿನಲ್ಲಿ ಒಂದು ಕ್ರೌರ್ಯವಿದೆ. ಕೊನೆಯ ಅಂಚಿನ ರೈತನಿಗೆ ‘ಮಳೆ ನಂಬಿಕೊಂಡು ಸಜ್ಜೆ ಬಿತ್ತು’ ಎಂದಂತೆಯೇ ಅದು. ಹಿಮ ಕಾಣದ ಊರಿನ ಹುಡುಗನಿಗೆ ಹಿಮದಲ್ಲಿ ಕುದುರೆ ಓಡಿಸುವ ಆಸೆ ಇದ್ದರೆ ಅದು ಶೋಕಿ ಎಂದು ನಾನು ಒಪ್ಪುವುದಿಲ್ಲ. ಕಾಣದ ಲೋಕವನ್ನು ಒಳಹೊಕ್ಕು ನೋಡುವ ಆಸೆಯಿಂದಲೇ ನಾವು ಬಯಲಾಟಕ್ಕೆ ರಾತ್ರಿಯೆಲ್ಲ ಕೂತದ್ದು.

ಆಟ ಕಟ್ಟುವವರಿಗೆ ನಾನು ಕೇಳುವುದು ಇಷ್ಟು. ಕಷ್ಟವನ್ನು ಆಟದ ಒಳಗಿಡಿ, ಬಾಗಿಲಲ್ಲಿ ಇಡಬೇಡಿ. ಇದು ಆಗದ ಮಾತಲ್ಲ. ಎರಿಕ್ ಬರೋನ್ ಎಂಬೊಬ್ಬನೇ ವರ್ಷಗಟ್ಟಲೆ ಕೂತು ಮಾಡಿ 2016ರಲ್ಲಿ ಬಿಡುಗಡೆ ಮಾಡಿದ ‘ಸ್ಟಾರ್‌ಡ್ಯೂ ವ್ಯಾಲಿ’ ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಆಸ್ಟ್ರೇಲಿಯಾದ ಅಡಿಲೇಡಿನ ಪುಟ್ಟ ತಂಡವೊಂದು 2025ರ ಸೆಪ್ಟೆಂಬರಿನಲ್ಲಿ ಬಿಡುಗಡೆ ಮಾಡಿದ ‘ಸಿಲ್ಕ್‌ಸಾಂಗ್’ ಆಟಕ್ಕೆ ಇಟ್ಟ ಬೆಲೆ ಇಪ್ಪತ್ತೇ ಡಾಲರ್. ಅದು 1060ರಲ್ಲಿ ಸಲೀಸಾಗಿ ಓಡುತ್ತದೆ, ಅದರ ಕಷ್ಟ ಪೂರಾ ಒಳಗಿದೆ.

ಈಗ ‘ಸಿಲ್ಕ್‌ಸಾಂಗ್’ ಆಡಲು ಹುಡುಗ ಮತ್ತು ಅವನ ಮೂವರು ಗೆಳೆಯರು ಆ ಒಂದೇ ಯಂತ್ರದ ಮುಂದೆ ಸರದಿಯಲ್ಲಿ ಕೂರುತ್ತಾರೆ. ಸತ್ತವನು ಎದ್ದು ಜಾಗ ಬಿಡಬೇಕು. ಆ ಆಟದಲ್ಲಿ ದೊಡ್ಡ ವೈರಿಯ ಕೈಯಲ್ಲಿ ಸತ್ತರೆ ದೂರದ ಬೆಂಚಿನಿಂದ ಎದ್ದು, ಮುಳ್ಳು, ಕಂದಕ ದಾಟಿ ಮತ್ತೆ ಅವನ ಕೋಣೆಗೆ ನಡೆಯಬೇಕು. ಜಗತ್ತಿನ ಬಹಳ ಆಟಗಾರರು ಈ ನಡಿಗೆಯ ಮೇಲೆ ಸಿಟ್ಟಾಗಿದ್ದಾರೆ, ಈ ನಾಲ್ವರ ನಡುವೆಯೂ ಅದೇ ಜಗಳ. ಸತ್ತದ್ದೇ ಶಿಕ್ಷೆ, ಅದರ ಮೇಲೆ ನಡೆಸುವುದು ಟೈಮ್ ಹಾಳು ಎಂದು ಇಬ್ಬರ ವಾದ. ಆ ನಡಿಗೆಯಲ್ಲೇ ಎಲ್ಲಿ ತಪ್ಪಿದೆ ಅಂತ ಹೊಳೆಯುತ್ತದೆ ಎಂದು ಅಣ್ಣನ ಮಗ ಹೇಳುತ್ತಾನೆ. ನಾಲ್ಕನೆಯವನದು ಬೇರೆಯೇ ತಕರಾರು: ಆ ಕೋಣೆಯಲ್ಲಿ ವೈರಿಯ ಜೊತೆ ಸಣ್ಣ ಹುಳಗಳನ್ನೂ ಬಿಟ್ಟಿದ್ದಾರೆ, ಅದು ಮೋಸ. ಕೇಳಿದರೆ ನನ್ನ ಮತ ಅಣ್ಣನ ಮಗನ ಕಡೆ. ಆದರೆ ಹುಳಗಳ ಬಗ್ಗೆ ಆ ನಾಲ್ಕನೆಯವನು ಹೇಳುವುದರಲ್ಲಿ ಹುರುಳಿದೆ.