ಒದ್ದೆ ಟ್ರ್ಯಾಕಿನ ಭಯ

ಮಳೆಯಲ್ಲಿ ರೇಸ್ ಟ್ರ್ಯಾಕಿನ ಮೇಲೆ ಬೈಕ್ ಓಡಿಸುವುದು ಧೈರ್ಯವೋ, ಹುಚ್ಚೋ? ನಮ್ಮ ಜಯನಗರದ ತಾಯಂದಿರನ್ನು ಕೇಳಿದರೆ ಹುಚ್ಚೆಂದೇ ತೀರ್ಪು ಕೊಡುತ್ತಾರೆ. ಅದೇ ಮಳೆಯಲ್ಲಿ ಅವರ ಮಕ್ಕಳು ಬನಶಂಕರಿಯ ಗುಂಡಿಗಳ ನಡುವೆ, ಬಿಎಂಟಿಸಿ ಬಸ್ಸಿನ ಪಕ್ಕದಲ್ಲೇ ನುಸುಳಿ ಕಾಲೇಜಿಗೆ ಹೋಗುತ್ತಾರಲ್ಲ, ಅದಕ್ಕೇನು ಹೆಸರು?

ಟ್ರ್ಯಾಕಿನಲ್ಲಿ ಎದುರಿನಿಂದ ಗಾಡಿ ಬರುವುದಿಲ್ಲ. ಮಳೆಗೆಂದೇ ಇರುವ ಟೈರಿನ ಗೀರುಗಳು ನೀರನ್ನು ಹೊರಗೆ ತಳ್ಳುತ್ತವೆ. ಬಣ್ಣ ಬಳಿದ ಅಂಚಿಗೆ ಚಕ್ರ ತಾಗಿದರೆ ಜಾರುತ್ತದೆಂದು ಸವಾರರಿಗೆ ಗೊತ್ತು. ಬ್ರೇಕ್ ಹಿಂಡುವುದೂ ಮೆಲ್ಲಗೆ, ಆಕ್ಸಿಲರೇಟರ್ ತಿರುಗಿಸುವುದೂ ಮೆಲ್ಲಗೆ, ತಿರುವಿನಲ್ಲಿ ಗಾಡಿ ವಾಲಿಸುವುದೂ ಕಡಿಮೆ. ಭಯವೇ ಇಲ್ಲದವನು ಬೇಗ ಬೀಳುತ್ತಾನೆ. ಕುದಿಯುವ ಸಾರಿನ ಪಾತ್ರೆ ಇಳಿಸುವ ಕೈಗಿರುವ ಎಚ್ಚರವೇ ಅಲ್ಲಿಯೂ ಬೇಕು.

2019ರಲ್ಲಿ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಎಫ್‌ಐಎಂ ಬಾಹಾಸ್ ವಿಶ್ವಕಪ್ಪಿನ ಮಹಿಳಾ ವಿಭಾಗವನ್ನು ಗೆದ್ದರು. ಅದು ಮರಳು, ಮಣ್ಣಿನ ಹಾದಿಯ ಓಟ, ಟ್ರ್ಯಾಕಿನದಲ್ಲ. ಆದರೂ 'ಹೆಣ್ಣಿಗೇಕೆ ಇದೆಲ್ಲ' ಎಂಬ ಮಾತು ನನ್ನ ಪಾಲಿಗೆ ಅಂದೇ ಮುಗಿಯಿತು.

ಮುಗಿಯದಿರುವುದು ಬೇರೆ. 2023ರ ಆಗಸ್ಟಿನಲ್ಲಿ ಚೆನ್ನೈ ಬಳಿಯ ಟ್ರ್ಯಾಕಿನಲ್ಲಿ ನಮ್ಮೂರಿನ 13 ವರ್ಷದ ಹುಡುಗ ರೇಸಿನಲ್ಲಿ ಬಿದ್ದು ತೀರಿಕೊಂಡ. ಇಪ್ಪತ್ತೈದರ ಮಗಳು ತನ್ನ ಅಪಾಯವನ್ನು ತಾನೇ ತೂಗಿಕೊಳ್ಳಲಿ, ನಾನು ಅಡ್ಡ ಬರಲಾರೆ. ಹದಿಮೂರರ ಮಗುವಿನ ಪರವಾಗಿ ಒಪ್ಪಿಗೆ ಕೊಡಬೇಕಾದವರು ನಾವು. ಪ್ರತಿ ವರ್ಷ ಶಾಲಾ ಪ್ರವಾಸದ ಒಪ್ಪಿಗೆ ಪತ್ರಗಳನ್ನು ಎಣಿಸಿ ಕಟ್ಟಿಡುವ ನನಗೆ, ಅಂಥ ಕಾಗದ ಎಷ್ಟು ಹಗುರವೆಂದು ಗೊತ್ತು.

ಹದಿನೆಂಟು ತುಂಬಲಿ ಎನ್ನುತ್ತೇನೆ ನಾನು. ಸಂಗೀತದ ಪಾಠಕ್ಕಾದರೆ ಆರು ವರ್ಷಕ್ಕೇ ತಡವಾಯಿತು ಎನ್ನುವವರೂ ನಾವೇ.