ಕಾಣದಿರುವುದು, ಇಲ್ಲದಿರುವುದು

ಪಾರದರ್ಶಕತೆ ಅನ್ನೋ ಪದ ನಮಗೆ ಸರ್ಕಾರಿ ಭಾಷೆಯಿಂದಲೇ ಹೆಚ್ಚು ಪರಿಚಯ. ಸಾರ್ವಜನಿಕ ಖರೀದಿಯಲ್ಲಿ ಅದು ಇರಲಿ ಅಂತ ಕರ್ನಾಟಕದಲ್ಲಿ 1999ರ ಒಂದು ಕಾಯ್ದೆಯೇ ಇದೆ. ಅಲ್ಲಿ ಎಲ್ಲವೂ ಕಾಣಬೇಕು ಅಂತ ಅರ್ಥ. ಫೋಟೋ ಎಡಿಟಿಂಗ್‌ನಲ್ಲಿ ಮಾತ್ರ ಉಲ್ಟಾ. ಯಾವುದನ್ನ ಪೂರ್ತಿ ಪಾರದರ್ಶಕ ಮಾಡ್ತೀವೋ ಅದು ಕಣ್ಣಿಗೇ ಬೀಳಲ್ಲ.

ಕಳೆದ ಮಳೆಗಾಲದಲ್ಲಿ ಬಣಕಲ್‌ನ ಸಂಬಂಧಿಯೊಬ್ಬಳು ಒಂದು ಫೋಟೋ ಕಳಿಸಿದಳು. ಕಾಫಿ ಕಣದಲ್ಲಿ ತೆಗೆದದ್ದು. ಹರವಿದ ಹಣ್ಣಿನ ಪಕ್ಕ ಅವಳ ತಂದೆ, ತೊಡೆ ಮೇಲೆ ಮೊಮ್ಮಗಳು, ಹಿಂದೆ ನಿಂತವನು ಅವಳ ಗಂಡ. ತಂದೆ ಈಗಿಲ್ಲ. ಗಂಡನಿಂದ ವಿಚ್ಛೇದನ ಆಗಿದೆ. ‘ಗೋಡೆಗೆ ಹಾಕ್ಬೇಕು, ಅವನೊಬ್ಬನನ್ನ ತೆಗೆದುಕೊಡು’ ಅಂದಳು. ಹಾಗೆ ಕೇಳೋ ಹಕ್ಕು ಅವಳಿಗಿದೆ. ತನ್ನ ಮನೆಯಲ್ಲಿ ದಿನಾ ಯಾರ ಮುಖ ನೋಡಬೇಕು ಅನ್ನೋದನ್ನ ಬೇರೆಯವರು ತೀರ್ಮಾನಿಸೋಕಾಗಲ್ಲ.

ಆದ್ರೆ ತೆಗೆಯೋಕೆ ಎರಡು ದಾರಿ ಇವೆ. ಒಂದು, ಅವನನ್ನ ಅಳಿಸಿ, ಖಾಲಿ ಜಾಗ ತುಂಬಿ, ಜೆಪಿಇಜಿ ಆಗಿ ಸೇವ್ ಮಾಡೋದು. ಜೆಪಿಇಜಿಯಲ್ಲಿ ಪಾರದರ್ಶಕತೆಗೆ ಜಾಗವಿಲ್ಲ, ಪದರಗಳೂ ಉಳಿಯಲ್ಲ. ಇನ್ನೊಂದು, ಮಾಸ್ಕ್. ಚಿತ್ರದ ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿ ಜೊತೆಗೆ ಆಲ್ಫಾ ಅನ್ನೋ ನಾಲ್ಕನೇ ಸಂಖ್ಯೆ ಕೊಡಬಹುದು. 1970ರ ದಶಕದ ಕೊನೆಯಲ್ಲಿ ಎಡ್ ಕ್ಯಾಟ್‌ಮಲ್ ಮತ್ತು ಆಲ್ವಿ ರೇ ಸ್ಮಿತ್ ಕಂಡುಕೊಂಡ ಉಪಾಯ ಇದು. ಸಾಮಾನ್ಯ ಎಂಟು ಬಿಟ್ ಚಿತ್ರದಲ್ಲಿ 255 ಅಂದ್ರೆ ಪೂರ್ತಿ ಕಾಣುತ್ತೆ, 0 ಅಂದ್ರೆ ಏನೂ ಕಾಣಲ್ಲ. ಮಾಸ್ಕ್ ಹಾಕಿದಾಗ ಕಾಣೋ ಪ್ರಮಾಣ ಮಾತ್ರ ಇಳಿಯುತ್ತೆ, ಬಣ್ಣ ಹಾಗೇ ಇರುತ್ತೆ. ಚಾರ್ಮಾಡಿ ಕಡೆ ಮಂಜು ಮುಸುಕಿದಾಗ ಗುಡ್ಡ ಎಲ್ಲಿಗೂ ಹೋಗಿರಲ್ವಲ್ಲ, ಹಾಗೆ. ಮಾಸ್ಕ್ ತೆಗೆದ್ರೆ ಮನುಷ್ಯ ವಾಪಸ್.

ಗೋಡೆ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಹಾಗಿದ್ರೆ ವ್ಯತ್ಯಾಸ ಯಾರಿಗೆ? ಮಗುವಿಗೆ. ಅವನು ಇವಳಿಗೆ ಮಾಜಿ ಗಂಡ ಇರಬಹುದು, ಮಗುವಿಗೆ ಮಾಜಿ ಅಪ್ಪ ಅಲ್ಲ. ನೊಂದವರು ಮುಖ ತಿರುಗಿಸಬಹುದು. ಇನ್ನೊಬ್ಬರು ಮುಂದೆಂದೂ ನೋಡದ ಹಾಗೆ ಮಾಡೋ ಹಕ್ಕು ಅದರ ಜೊತೆಗೇ ಬರಲ್ಲ ಅಂತ ನನಗನಿಸುತ್ತೆ.

ಹಾಗಂತ ಅವಳಿಗೆ ಹೇಳದೆ ಗುಟ್ಟಾಗಿ ಆ ಪದರ ಉಳಿಸೋದೂ ಸರಿಯಲ್ಲ. ಅವಳ ಬದುಕಿನ ವಿಷಯವನ್ನ ಅವಳ ಬೆನ್ನ ಹಿಂದೆ ನಾನು ತೀರ್ಮಾನಿಸಿದ ಹಾಗಾಗುತ್ತೆ. ಇಲ್ಲಿ ಬೇಕಾಗೋದು ಆ ಸರ್ಕಾರಿ ಅರ್ಥದ ಪಾರದರ್ಶಕತೆ. ಫೋನ್ ಮಾಡಿ ಹೇಳಿದೆ: ಪ್ರಿಂಟಲ್ಲಿ ಅವನು ಇರಲ್ಲ, ಮೂಲ ಫೈಲಲ್ಲಿ ಇರ್ತಾನೆ. ಆ ಫೈಲ್ ನಿನ್ನ ಹತ್ರವೇ ಇರಲಿ, ಮಗಳು ಮುಂದೆ ಕೇಳಿದ್ರೆ ಕೊಡು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಪ್ರಿಂಟ್ ಯಾವಾಗ ಬರುತ್ತೆ?’ ಅಂದಳು.

ಅದನ್ನ ಒಪ್ಪಿಗೆ ಅಂತ ನಾನು ತಿಳ್ಕೊಂಡಿಲ್ಲ. ನಾಳೆ ಆ ಫೈಲನ್ನ ಅವಳು ಡಿಲೀಟ್ ಮಾಡಬಹುದು. ಮಾಡಿದ್ರೆ, ಏನು ಮಾಡ್ತಿದೀನಿ ಅಂತ ಗೊತ್ತಿದ್ದೇ ಮಾಡಿರ್ತಾಳೆ.

ನಾವೂ ದಿನಾ ಯಾರನ್ನೋ ಮ್ಯೂಟ್ ಮಾಡ್ತೀವಿ, ಬ್ಲಾಕ್ ಮಾಡ್ತೀವಿ, ಹಳೇ ಫೋಟೋಗಳಿಂದ ಕತ್ತರಿಸಿ ತೆಗೀತೀವಿ. ಎಷ್ಟೋ ಸಲ ಅದು ಬೇಕೇ ಬೇಕು. ಆದ್ರೆ ಸೇವ್ ಒತ್ತೋ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬಹುದು: ಇವರು ನನಗೆ ಕಾಣದಿದ್ರೆ ಸಾಕಾ, ಅಥವಾ ಯಾರಿಗೂ ಸಿಗಬಾರದಾ?