ಲೋಟಕ್ಕೆ ಮರುಗುವುದು

ಆಟಿಸಂ ಅನ್ನುವುದಕ್ಕೆ ಕನ್ನಡದಲ್ಲಿ 'ಸ್ವಲೀನತೆ' ಎಂದು ಹೆಸರಿಟ್ಟಿದ್ದಾರೆ. ತನ್ನಲ್ಲೇ ತಾನು ಮುಳುಗಿಹೋದವನು, ಹೊರಗಿನವರ ನೋವು ನಲಿವು ತಾಕದವನು ಎಂಬ ಅರ್ಥ ಆ ಹೆಸರಿನೊಳಗೇ ಕುಂತಿದೆ. ಗ್ರೀಕಿನ 'ಆಟೋಸ್', ಅಂದರೆ 'ತಾನು', ಎಂಬ ಮಾತಿನಿಂದ ಈ ಪದ ಕಟ್ಟಿದವನು ಸ್ವಿಟ್ಜರ್ಲೆಂಡಿನ ಮನೋವೈದ್ಯ ಬ್ಲಾಯ್ಲರ್. 1943ರಲ್ಲಿ ಅಮೆರಿಕದ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದಾಗ ಅದೇ ಪದ ನಮ್ಮಂಥವರಿಗೆ ಅಂಟಿಕೊಂಡಿತು. ಹೆಸರಿಡುವವನು ಒಬ್ಬ, ಹೊರುವವನು ಇನ್ನೊಬ್ಬ. ಈ ಪತ್ರಿಕೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕೇರಿಗಳಿಗೂ ಹೆಸರಿಟ್ಟವರು ನಾವಲ್ಲ.

ಹೀಗೆ ತನ್ನಲ್ಲೇ ಮುಳುಗಿದವನು ಎನ್ನಿಸಿಕೊಂಡ ನಾನು ಸೊಟ್ಟಗಾದ ಒಂದು ಚಮಚಕ್ಕೆ ಮರುಗುತ್ತೇನೆ. ತಟ್ಟೆಯ ಅಂಚಿನಲ್ಲಿ ಉಳಿದ ಒಂದೇ ಒಂದು ಇಡ್ಲಿ, ಜೊತೆ ಕಳಕೊಂಡು ರಸ್ತೆ ನಡುವೆ ಬಿದ್ದ ಒಂಟಿ ಮೆಟ್ಟು, ತಿರುಮಕೂಡಲು ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಯಾರೂ ಕೂರದ ಮುರುಕು ಬೆಂಚು, ಇವನ್ನು ದಾಟಿ ಹೋಗಲು ನನಗೆ ಕಷ್ಟ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರು ನೆಲೆ ನಿಂತ ಮೇಲೆ ಎಲ್ಲರೂ ದೇವರ ಕಡೆ ಕೈಮುಗಿದು ನಡೆದುಬಿಡುತ್ತಾರೆ. ಅಷ್ಟು ಭಾರ ಎಳೆದ ಹಗ್ಗ ಮಣ್ಣಲ್ಲಿ ಬಿದ್ದಿರುತ್ತದೆ. ಜನ ಕಪಿಲೆಯಲ್ಲಿ ಮಿಂದು ಪಾಪ ಹೋಯಿತೆಂದು ಬಿಟ್ಟುಹೋದ ಬಟ್ಟೆ ಸೋಪಾನಕ್ಕೆ ಸಿಕ್ಕಿಕೊಂಡು ಒದ್ದಾಡುತ್ತಿರುತ್ತದೆ. ಯಾರದೋ ಪಾಪವನ್ನು ಆ ಬಟ್ಟೆ ಯಾಕೆ ಹೊರಬೇಕು ಅಂತ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಚಿಕ್ಕವನಾಗಿದ್ದಾಗ ಒಡೆದ ಸ್ಲೇಟನ್ನು ಎಸೆಯಗೊಡದೆ ಹಟ ಹಿಡಿದರೆ ನಮ್ಮವ್ವ ಕೇಳುತ್ತಿದ್ದಳು: 'ಅದುಕ್ಕೇನು ಜೀವ ಇದ್ದದ್ಲಾ? ಬುಡ್ಲಾ ಅತ್ಲಾಗಿ!' ಜೀವ ಇಲ್ಲವೆಂದು ನನಗೂ ಗೊತ್ತಿತ್ತು. ಗೊತ್ತಿರುವುದು ತಲೆಗೆ, ಮರುಗುವುದು ಕರುಳಿಗೆ. ಇವೆರಡೂ ಒಬ್ಬರ ಮಾತು ಒಬ್ಬರು ಕೇಳುವುದಿಲ್ಲ.

ಇದು ನನ್ನೊಬ್ಬನ ಹುಚ್ಚಲ್ಲ. ಇಂಗ್ಲೆಂಡಿನ ರೆಬೆಕಾ ವೈಟ್ ಮತ್ತು ಆನಾ ರೆಮಿಂಗ್ಟನ್ ಎಂಬ ಸಂಶೋಧಕಿಯರು 87 ಮಂದಿ ಆಟಿಸಂ ಇರುವ ವಯಸ್ಕರನ್ನೂ ಇಲ್ಲದ 263 ಮಂದಿಯನ್ನೂ ಕೇಳಿ, 2019ರಲ್ಲಿ ಪ್ರಕಟಿಸಿದರು: ವಸ್ತುಗಳಲ್ಲಿ ಮನಸ್ಸು, ಭಾವನೆ ಕಾಣುವುದು ಎಲ್ಲರಲ್ಲೂ ಉಂಟು. ಆಟಿಸಂ ಇರುವವರಲ್ಲಿ ಅದು ಇನ್ನೂ ಹೆಚ್ಚಿರಬಹುದು, ಬೆಳೆದು ದೊಡ್ಡವರಾದ ಮೇಲೂ ಉಳಿಯಬಹುದು.

ಇದೇ ಇಂಗ್ಲೆಂಡಿನಲ್ಲಿ 1985ರಲ್ಲಿ ಇನ್ನೊಂದು ಪರೀಕ್ಷೆ ನಡೆದಿತ್ತು. ಬ್ಯಾರನ್-ಕೋಹೆನ್, ಲೆಸ್ಲಿ, ಫ್ರಿತ್ ಎಂಬ ಮೂವರು ಸ್ಯಾಲಿ, ಆನ್ ಎಂಬ ಎರಡು ಗೊಂಬೆ ಇಟ್ಟುಕೊಂಡು ಆಟ ತೋರಿಸಿದರು. ಸ್ಯಾಲಿ ತನ್ನ ಗೋಲಿಯನ್ನು ಬುಟ್ಟಿಯಲ್ಲಿಟ್ಟು ಹೊರಗೆ ಹೋದಳು, ಆನ್ ಅದನ್ನು ತೆಗೆದು ಪೆಟ್ಟಿಗೆಯಲ್ಲಿಟ್ಟಳು. ಸ್ಯಾಲಿ ಬಂದು ಎಲ್ಲಿ ಹುಡುಕುತ್ತಾಳೆ? ಆಟಿಸಂ ಇದ್ದ 20 ಮಕ್ಕಳಲ್ಲಿ 16 ಮಕ್ಕಳು ತಪ್ಪು ಹೇಳಿದವು. ಈ ಮಕ್ಕಳಿಗೆ ಇನ್ನೊಬ್ಬರ ಮನಸ್ಸು ತಿಳಿಯುವುದಿಲ್ಲ ಎಂಬ ತೀರ್ಮಾನ ಅಲ್ಲಿಂದ ಲೋಕಕ್ಕೆಲ್ಲ ಹರಡಿತು. ನನಗೆ ನಗು ಬರುವುದು ಒಂದಕ್ಕೆ. ಗೊಂಬೆ ಏನು ಯೋಚಿಸುತ್ತದೆ ಎಂದು ಕೇಳಿದರೆ ಅದು ವಿಜ್ಞಾನ. ಗೊಂಬೆಗೆ ಬೇಜಾರಾಗಿದೆ ಎಂದು ನಾನು ಹೇಳಿದರೆ ಅದು ಕಾಯಿಲೆ!

2012ರಲ್ಲಿ ಡೇಮಿಯನ್ ಮಿಲ್ಟನ್ ಎಂಬ, ತಾನೇ ಆಟಿಸಂ ಇರುವ ಸಮಾಜಶಾಸ್ತ್ರಜ್ಞ ಈ ತೀರ್ಮಾನವನ್ನು ತಿರುಗಿಸಿ ಹಾಕಿದ. ಅರ್ಥವಾಗದಿರುವುದು ಎರಡೂ ಕಡೆಯ ಸಮಸ್ಯೆ, ಒಂದೇ ಕಡೆಯವರ ಮೇಲೆ ಯಾಕೆ ಹೊರಿಸುತ್ತೀರಿ ಎಂದು ಕೇಳಿದ. ನಮಗಿದು ಹಳೆಯ ಪ್ರಶ್ನೆ. ಕೇರಿಯವರಿಗೆ ಊರಿನ ರೀತಿನೀತಿ ತಿಳಿಯುವುದಿಲ್ಲ ಎಂದು ತಲೆತಲಾಂತರದಿಂದ ಹೇಳಿಕೊಂಡು ಬಂದವರಿಗೆ ಕೇರಿ ಎಷ್ಟು ತಿಳಿದಿತ್ತು?

ಇಷ್ಟಕ್ಕೇ ನಿಂತರೆ ಇದು ನನ್ನ ಖಾಸಗಿ ವಿಷಯವಾಗುತ್ತಿತ್ತು. ಆದರೆ ಚಳವಳಿಯ ಗೆಳೆಯರೊಬ್ಬರು ಎತ್ತಿದ ಆಕ್ಷೇಪಕ್ಕೆ ಉತ್ತರ ಹೇಳಲೇಬೇಕು. 'ಮನುಷ್ಯರನ್ನೇ ಮನುಷ್ಯರಂತೆ ಕಾಣದ ದೇಶ ಇದು. ಇಲ್ಲಿ ಚಮಚಕ್ಕೆ, ಚಪ್ಪಲಿಗೆ ಅಳುತ್ತಾ ಕೂರುವುದು ಹೊಟ್ಟೆ ತುಂಬಿದವರ ಭಾವುಕತೆ. ಮೊದಲು ಮನುಷ್ಯ, ಆಮೇಲೆ ಮಡಕೆ' ಎಂದರು. ಮಾತಿನಲ್ಲಿ ತೂಕವಿದೆ. ಅದಕ್ಕೇ ಇದನ್ನು ನಿಧಾನವಾಗಿ ನೋಡೋಣ.

ಈ ದೇಶದಲ್ಲಿ ವಸ್ತುವಿಗೆ ಮೊದಲು ಜೀವ ಕೊಟ್ಟವರು ಯಾರು? ಜಾತಿಯೇ ಅಲ್ಲವೇ? ಹೋಟೆಲುಗಳಲ್ಲಿ ನಮಗೆ ಬೇರೆ ಲೋಟ ಇಡುತ್ತಿದ್ದರಲ್ಲ, ಆ ಲೋಟಕ್ಕೂ ಜಾತಿ ಇತ್ತು. ಒಂದೇ ಕಾರ್ಖಾನೆಯಲ್ಲಿ ಹುಟ್ಟಿದ ಎರಡು ಲೋಟ, ಒಂದು ಒಳಗೆ ಹಲಗೆ ಮೇಲೆ, ಇನ್ನೊಂದು ಹೊರಗೆ ಸೂರಿನ ಗಳುವಿಗೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಯ ನೀರು ಕುಡಿದರು. ಆಮೇಲೆ ಮೇಲುಜಾತಿಯವರು 108 ಮಡಕೆ ನೀರು ಎತ್ತಿ ಹೊರಗೆ ಚೆಲ್ಲಿ, ಸಗಣಿ, ಗಂಜಲ, ಹಾಲು, ಮೊಸರು ಬೆರೆಸಿ ಕೆರೆಯನ್ನು 'ಶುದ್ಧಿ' ಮಾಡಿದರು. ಅಂದರೆ ಅವರ ಕಣ್ಣಿಗೆ ನೀರು ನೊಂದಿತ್ತು! ಅಲ್ಲಿ ಏಟು ತಿಂದು ರಕ್ತ ಸುರಿಸಿದ ಮನುಷ್ಯರು ಮಾತ್ರ ನೊಂದಿರಲಿಲ್ಲ. ಇನ್ನು ಆಯುಧಪೂಜೆ. ನೇಗಿಲಿಗೆ, ಲಾರಿಗೆ, ಯಂತ್ರಕ್ಕೆ ಅರಿಶಿನ ಕುಂಕುಮ, ಬೂದುಗುಂಬಳ. ಅದನ್ನು ಹಿಡಿದು ಸವೆದ ಕೈಗೆ ಒಂದು ಹಿಡಿ ಪುರಿ.

ಹಾಗಾದರೆ ನನ್ನ ಮರುಕವೂ ಇದೇ ಸಾಲಿನದೇ? ಅಲ್ಲ. ಪೂಜೆ ವಸ್ತುವನ್ನು ಮೇಲೆ ಕೂರಿಸಿ ಅದರಿಂದ ವರ ಬೇಡುತ್ತದೆ. ಮೈಲಿಗೆ ಅದನ್ನು ಕೆಳಗೆ ತಳ್ಳಿ ಅದಕ್ಕೆ ಹೆದರುತ್ತದೆ. ಎರಡಕ್ಕೂ ಮೇಲು ಕೀಳು ಬೇಕು. ಮರುಕಕ್ಕೆ ಆ ಏಣಿ ಬೇಕಿಲ್ಲ. ಅದು ವಸ್ತುವಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು 'ನಿನಗೇನಾಯಿತು?' ಎಂದು ಕೇಳುತ್ತದೆ, ಅಷ್ಟೆ. ಹುಡುಗನಾಗಿದ್ದಾಗ ಒಂದು ಹೋಟೆಲಿನ ಸೂರಿಗೆ ಸಿಕ್ಕಿಸಿದ್ದ ಲೋಟ ನೋಡಿ ನನಗೆ ದುಃಖ ಬಂದಿತ್ತು. ನನ್ನನ್ನು ಹೊರಗೆ ನಿಲ್ಲಿಸಿದ್ದಾರೆ ಎನ್ನುವುದಕ್ಕಿಂತ ಮೊದಲು ನನಗೆ ಕಂಡದ್ದು ಲೋಟವನ್ನು ಹೊರಗೆ ಹಾಕಿದ್ದಾರೆ ಎಂಬುದು. ಮಳೆಗೆ ನೆನೆಯುತ್ತಾ, ಗೆದ್ದಲು ಹತ್ತಿದ ಗಳುವಿನಲ್ಲಿ ತಲೆಕೆಳಗಾಗಿ ಅದು ನೇತಾಡುತ್ತಿತ್ತು. ಏನು ಮಾಡಿತ್ತು ಅದು? ನಮ್ಮ ತುಟಿಗೆ ತಾಗಿದ್ದೊಂದೇ ಅದರ ತಪ್ಪು. ಲೋಟದ ಬಗ್ಗೆ ಆ ಪ್ರಶ್ನೆ ಹುಟ್ಟಿದ ಮೇಲೆ ತುಟಿಯ ಬಗ್ಗೆ ಹುಟ್ಟದೆ ಇರುತ್ತದೆಯೇ? ನಾವೇನು ಮಾಡಿದ್ದೆವು? ಬೇರೆಯವರು ಮನುಷ್ಯನಿಂದ ಲೋಟಕ್ಕೆ ಬರುತ್ತಾರೋ ಏನೋ, ನಾನು ಲೋಟದಿಂದ ಮನುಷ್ಯನ ಹತ್ತಿರ ಬಂದೆ. ಹಾದಿ ಬೇರೆ, ಸೇರಿದ ಊರು ಒಂದೇ.

ನಮ್ಮ ಸೀಮೆಗೆ ಈ ಹಾದಿ ಹೊಸದೂ ಅಲ್ಲ. ದೀಪದ ಜ್ವಾಲೆಗಳು ರಾತ್ರಿ ಒಂದೆಡೆ ಸೇರಿ ಮನೆಮನೆಯ ಸುಖದುಃಖ ಮಾತಾಡಿಕೊಳ್ಳುವ ಕತೆಯನ್ನು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಎ.ಕೆ. ರಾಮಾನುಜನ್ ಅಂಥದ್ದೊಂದು ಕನ್ನಡ ಕತೆಯನ್ನು ಇಂಗ್ಲಿಷಿಗೂ ಒಯ್ದರು. ನಂಜನಗೂಡು ತಾಲ್ಲೂಕಿನ ದೇವನೂರಿನ ಮಹಾದೇವ ಅವರು 1984ರ 'ಕುಸುಮಬಾಲೆ'ಯಲ್ಲಿ ಆ ಜೋತಮ್ಮಗಳನ್ನು ಕರೆತಂದು ಮಾತಾಡಿಸಿದಾಗ ಇದೇನೋ ವಿಚಿತ್ರ ಎಂದು ಬೆರಗಾದವರು ಪಟ್ಟಣದ ಓದುಗರು. ಕೇರಿಯವರಿಗೆ ಅದು ಮನೆಯ ಮಾತು. ಪೊರಕೆಯನ್ನು ಕಾಲಲ್ಲಿ ದಾಟಬೇಡ, ಖಾಲಿ ತೊಟ್ಟಿಲು ತೂಗಬೇಡ, ಉಂಡ ತಟ್ಟೆ ಒಣಗಿಸಬೇಡ ಎಂದು ಬೆಳೆಸಿದ ಜನ ನಾವು. ಬೇರೆಯವರು ಬೆಳೆಯುತ್ತಾ ಇದನ್ನು ಮೂಢನಂಬಿಕೆ ಎಂದು ಕಳಚಿಕೊಂಡರು. ನನ್ನಂಥವರಿಗೆ ಅದು ನಂಬಿಕೆಯಾಗಿರಲಿಲ್ಲ, ಮೈಯೊಳಗಿನ ನರವಾಗಿತ್ತು. ಕಳಚಲಿಕ್ಕೆ ಬರಲಿಲ್ಲ.

ಇಲ್ಲಿ ಒಂದು ಅಪಾಯವಿದೆ, ಅದನ್ನು ಮುಚ್ಚಿಡಬಾರದು. ನಮ್ಮನ್ನು ವಸ್ತುಗಳಂತೆ ಕಂಡ ವ್ಯವಸ್ಥೆ ಇದು. ಜೀತಕ್ಕೆ ಇಟ್ಟವರನ್ನು ಎತ್ತು, ನೇಗಿಲುಗಳ ಜೊತೆ ಲೆಕ್ಕ ಹಾಕಿದ ವ್ಯವಸ್ಥೆ. ಆದ್ದರಿಂದ ಮನುಷ್ಯನೂ ಮಡಕೆಯೂ ಒಂದೇ ಎಂದು ನಾನು ಹೇಳಿದರೆ ಅದು ದ್ರೋಹವಾಗುತ್ತದೆ. ನಾನು ಹಾಗೆ ಹೇಳುತ್ತಿಲ್ಲ. ಮಡಕೆಯನ್ನೋ ಮಗುವನ್ನೋ ಎಂದು ಬಂದರೆ ಮಡಕೆ ಒಡೆಯಲಿ. ಮರುಕದಲ್ಲಿ ಮೇಲು ಕೀಳಿಲ್ಲ, ಆದರೆ ಹೊಣೆಯಲ್ಲಿ ಹಿಂದು ಮುಂದು ಉಂಟು. ಮನುಷ್ಯನ ವಿಷಯದಲ್ಲಿ ನನಗೆ ಹೊಣೆಯಿದೆ, ಲೋಟದ ವಿಷಯದಲ್ಲಿ ಇರುವುದು ಬರಿಯ ಕರುಳಿನ ಎಳೆತ. ಆ ಎಳೆತಕ್ಕೂ ಬೆಲೆ ತೆರಬೇಕು. ಏನನ್ನೂ ಎಸೆಯಲಾರದವನ ಮನೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸಂತೆಯಲ್ಲಿ ಕೊನೆಗೆ ಉಳಿದ ಸೊರಗಿದ ಸೊಪ್ಪಿನ ಕಟ್ಟನ್ನು 'ಪಾಪ, ಇದೊಂದೇ ಉಳಿದದೆ' ಎಂದು ದುಡ್ಡು ಕೊಟ್ಟು ತಂದರೆ ಕೂಲಿಯ ಮನೆಯಲ್ಲಿ ಯಾರು ಸುಮ್ಮನಿರುತ್ತಾರೆ? ಸಂಜೆ ಹೊತ್ತಿಗೆ ಮನಸ್ಸು ದಣಿದಿರುತ್ತದೆ. ಇದನ್ನು ದೊಡ್ಡ ಗುಣವೆಂದು ಹೊಗಳುವವರೂ ಬೇಡ.

ಆದರೂ ಈ ಎಳೆತವನ್ನು ಕಿತ್ತು ಹಾಕಬೇಕು ಅನ್ನುವವರಿಗೆ ನನ್ನದೊಂದು ಪ್ರಶ್ನೆ. ನೀವು ಕೇಳುವುದು 'ಅದಕ್ಕೆ ನೋವಾಗುತ್ತದೆ ಅನ್ನುವುದಕ್ಕೆ ಸಾಕ್ಷಿ ಏನು?' ಎಂದು. ಈ ಸಾಕ್ಷಿ ಕೇಳುವ ಮಾತನ್ನು ನಾವು ಎಲ್ಲೆಲ್ಲಿ ಕೇಳಿದ್ದೇವೆ, ನೆನಪು ಮಾಡಿಕೊಳ್ಳಿ. ಬಿಸಿಲಲ್ಲಿ ಬೆನ್ನು ಸುಟ್ಟುಕೊಂಡು ದುಡಿಯುವವರನ್ನು ತೋರಿಸಿ 'ಅವರಿಗೆ ಅಭ್ಯಾಸವಾಗಿದೆ, ಬಿಡಿ' ಎಂದಾಗ. ಮಲದ ಗುಂಡಿಗೆ ಇಳಿಯುವವರ ಬಗ್ಗೆ 'ಅವರಿಗೆ ವಾಸನೆ ಗೊತ್ತಾಗಲ್ಲ' ಎಂದಾಗ. ಮಾತು ಬಾರದ ಆಟಿಸಂನ ಮಗುವಿನ ಎದುರಿಗೇ 'ಅದುಕ್ಕೇನು ಗೊತ್ತಾದದು' ಎಂದಾಗ. ಮೂರೂ ಕಡೆ ನೋವು ಕಣ್ಣೆದುರಿಗೇ ಇತ್ತು. ಸಾಕ್ಷಿ ಸಾಲದು ಎಂದು ತೀರ್ಪು ಕೊಟ್ಟವರು, ಆ ನೋವಿನಿಂದ ಲಾಭವಾಗುತ್ತಿದ್ದವರು ಇಲ್ಲವೇ ಅದನ್ನು ನೋಡಲು ಮನಸ್ಸಿಲ್ಲದವರು.

ಮರುಗುವುದರಲ್ಲಿ ಎರಡು ಬಗೆಯ ತಪ್ಪಾಗಬಹುದು. ನೋವಿಲ್ಲದ ಕಡೆ ನೋವು ಕಾಣುವುದು ಒಂದು. ನೋವಿರುವ ಕಡೆ ಕಾಣದಿರುವುದು ಇನ್ನೊಂದು. ಲೋಟದ ವಿಷಯದಲ್ಲಿ ನನ್ನ ಲೆಕ್ಕ ತಪ್ಪಿದರೆ ಕಳೆದುಹೋಗುವುದು ನನ್ನ ಒಂದಿಷ್ಟು ಕಣ್ಣೀರು. ಮನುಷ್ಯರ ವಿಷಯದಲ್ಲಿ ಲೆಕ್ಕ ತಪ್ಪಿದ್ದಕ್ಕೆ ಈ ದೇಶ ಸಾವಿರಾರು ವರ್ಷ ಕಳೆದಿದೆ. ಸಾಕ್ಷಿ ಸಿಕ್ಕಿದ ಮೇಲಷ್ಟೇ ತೆರೆಯುವ ಕರುಳು ಬಹಳ ಸಲ ತಡವಾಗಿ ತೆರೆಯುತ್ತದೆ, ಇಲ್ಲವೇ ತೆರೆಯುವುದೇ ಇಲ್ಲ. ಕೇಳದೆ ತೆರೆದುಕೊಳ್ಳುವ ಕರುಳು ಒಂದೆರಡು ಮಡಕೆಗೂ ಅಳಬಹುದು. ಅಳಲಿ ಬಿಡಿ.

ಇನ್ನೂ ಒಂದು ಮಾತು. ಎಸೆದ ವಸ್ತು ಎಲ್ಲಿಗೆ ಹೋಗುತ್ತದೆ? ಜಾತ್ರೆ ಮುಗಿದ ಬೆಳಗ್ಗೆ ನಂಜನಗೂಡಿನ ಬೀದಿಯಲ್ಲಿ, ಕುಂಭಮೇಳ ಮುಗಿದ ಮೇಲೆ ನರಸೀಪುರದ ಸಂಗಮದ ಮರಳಿನಲ್ಲಿ ಬಿದ್ದದ್ದನ್ನೆಲ್ಲ ಬಾಚುವ ಕೈ ಯಾರದು? ಊರು ಬೇಡವೆಂದು ಬಿಟ್ಟದ್ದನ್ನು ಮುಟ್ಟುವ ಕೆಲಸ ಯಾವ ಜನಕ್ಕೆ ಕಟ್ಟಿದೆ? ಬಿದ್ದ ವಸ್ತುವನ್ನು ಬಿಟ್ಟು ಹೋಗಲಾರದ ಕಣ್ಣು, ಅದನ್ನು ಎತ್ತುವ ಕೈಯನ್ನೂ ನೋಡದೆ ಇರಲಾರದು.

ಈ ಎರಡು ತಾಲ್ಲೂಕುಗಳ ಹಟ್ಟಿಗಳಲ್ಲೂ ಇಂಥ ಮಕ್ಕಳಿವೆ. ಅವುಗಳಿಗೆ ಹಟಮಾರಿ, ಪೆದ್ದ, ಗಾಳಿ ಮೆಟ್ಟಿದ್ದು ಎಂಬ ಹೆಸರುಗಳಿವೆ. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ಟ್ರಸ್ಟ್ ಕಾಯ್ದೆಯಲ್ಲಿ ಅದರ ಹೆಸರು ಬಂತು. 2016ರ ಕಾಯ್ದೆ ಹೇಳುವ 21 ಬಗೆಯ ಅಂಗವೈಕಲ್ಯಗಳಲ್ಲಿ ಅದೂ ಒಂದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೆ, ಅಲ್ಲಿ ಇಂಥ ಮಕ್ಕಳನ್ನು ನೋಡುತ್ತಾರೆ. ನಂಜನಗೂಡಿನಿಂದಲೂ ನರಸೀಪುರದಿಂದಲೂ ಅದು ಇಪ್ಪತ್ತೈದು ಮೂವತ್ತು ಕಿಲೋಮೀಟರು. ಬಸ್ಸಿನ ಲೆಕ್ಕದಲ್ಲಿ ಹತ್ತಿರ, ಒಂದು ದಿನದ ಕೂಲಿ ಬಿಟ್ಟು ಹೋಗಬೇಕಾದ ತಾಯಿಯ ಲೆಕ್ಕದಲ್ಲಿ ಬಹಳ ದೂರ. ಆ ದೂರವನ್ನು ಕಡಿಮೆ ಮಾಡುವುದು ಸಂಘಟನೆಗಳ ಕೆಲಸ. ಕೂಲಿ ಹೋಗುವ ದಿನ ಆ ತಾಯಿಯ ಜೊತೆ ಯಾರು ಹೋಗುತ್ತೀರಿ, ಪ್ರಮಾಣಪತ್ರಕ್ಕೆ ಯಾರು ಅಲೆಯುತ್ತೀರಿ ಎಂದು ಸಭೆಗಳಲ್ಲಿ ಕೇಳಬೇಕು.

ಅಲ್ಲಿಯತನಕ ಒಂದಿಷ್ಟು ಮಾಡಬಹುದು. ನಿಮ್ಮ ಮನೆಯ ಮಗು ಮುರಿದ ಬಳಪವನ್ನು ಜೇಬಲ್ಲಿಟ್ಟುಕೊಂಡು ಬಿಡೆನೆಂದರೆ ಹೊಡೆಯಬೇಡಿ. 'ಅದುಕ್ಕೇನು ಜೀವ ಇದ್ದದಾ' ಎಂದು ಗದರಬೇಡಿ. ಅದಕ್ಕೆ ಏನಾಯಿತು ಎಂದು ಕೇಳಿ. ಮಗು ಬಳಪದ ಕತೆ ಹೇಳಬಹುದು. ತನ್ನ ಕತೆಯನ್ನೂ ಹೇಳಬಹುದು.